ಮರೆಮ್ಮಳ ಪರವಾಗಿ ಬರೆದ ಅರ್ಜಿ

ವಾಡಿ,
ತಾ. 12-11-1974

ಸೌಭಾಗ್ಯವತಿ ತಂಗಿ ಯಂಕಮ್ಮಳಿಗೆ ಅಣ್ಣ ಖಂಡಪ್ಪನ ಆಶೀರ್ವಾದಗಳು.

ನನ್ನ ಮನೆಯಲ್ಲಿದ್ದು ಓದುತ್ತಿರುವ ನಿನ್ನ ಮಗಳು ಮರೆಮ್ಮಳನ್ನು ಶಾಲೆಯಿಂದ ಅಮಾನತು ಮಾಡಿದ ಸುದ್ದಿ ನಿಮ್ಮ ಊರು ದಂಡೋತಿಯವರೆಗೆ ಮುಟ್ಟಿದೆಯೆಂದು ತಿಳಿಯಿತು. ನಿಜಾಂಶವನ್ನು ನಾನೇ ನಿವೇದಿಸುವುದು ಉಚಿತ.

ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಪಾಯಖಾನೆಯಿಲ್ಲ. ಬಿಡುವಿನಲ್ಲಿ ರೈಲು ಹಳಿ ದಾಟಿ ಮನೆಗೆ ಹೋಗಿಬರುತ್ತಿದ್ದರು. ತಡವಾಗಿ ಬರುತ್ತಾರೆಂದು ಹೆಡ್ ಮಾಸ್ತರರು ಗೇಟಿಗೆ ಬೀಗ ಹಾಕಿಸಿದರು. ಚಿಕ್ಕ ಹುಡುಗಿಯೊಬ್ಬಳು ಲಂಗ ಒದ್ದೆ ಮಾಡಿಕೊಂಡು ಅತ್ತಾಗ ಮರೆಮ್ಮ ಅವಳ ಕೈಹಿಡಿದು ಹೆಡ್ ಮಾಸ್ತರರ ಬಳಿ ಹೋಗಿ, "ಸರ್, ನಿಮ್ಮ ಮನ್ಯಾಗ ಹೆಣ್ಮಕ್ಕಳು ಇಲ್ಲೇನ್ರಿ?" ಎಂದು ಕೇಳಿದಳಂತೆ. ಅವಳ ಅಪರಾಧ ಇಷ್ಟೇ. ಪಾಲಕರು ತಪ್ಪಾಯಿತೆಂದು ಮಾಫಿ ಅರ್ಜಿ ಬರೆದುಕೊಡುವ ತನಕ ಒಳಗೆ ಸೇರಿಸಕೂಡದೆಂದು ಆಜ್ಞೆಯಾಯಿತು.

ಅರ್ಜಿ ಬರೆಯುವುದರಲ್ಲಿ ಚಿತ್ತಾಪುರದ ಕಚೇರಿಯಲ್ಲಿ ನನಗೆ ಸರಿಸಮಾನರಿರಲಿಲ್ಲ, ನೀನೂ ಬಲ್ಲೆ. ಮೊದಲು ಆರೋಪವನ್ನೆಲ್ಲ ಒಪ್ಪಿಕೊಂಡು ನಂತರ ಕೃಪೆ ಬೇಡುವುದು ನಾವು ಪಾಲಿಸಿಕೊಂಡು ಬಂದ ಪದ್ಧತಿ. "ಸದರಿ ವಿದ್ಯಾರ್ಥಿನಿಯು ತನ್ನ ದುರ್ನಡತೆಯನ್ನು ಒಪ್ಪಿ, ಇನ್ನು ಮುಂದೆ ಸನ್ಮಾರ್ಗದಲ್ಲಿ ನಡೆಯುವಳಾಗಿ" ಎಂದು ಬರೆದೆ. ಬರೆದಾಗ ಆ ವಾಕ್ಯ ನನಗೆ ಭಾಳ ಮೆಚ್ಚಿಗೆಯಾಗಿತ್ತು.

ಹೆಡ್ ಮಾಸ್ತರರು ಅದನ್ನು ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರೆದುರು ಓದಿಸಿದರು. ಗೇಟಿನ ಮಾತಾಗಲಿ, ಪಾಯಖಾನೆಯ ಮಾತಾಗಲಿ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಸಂಜೆಯಾಗುವುದರೊಳಗೆ ನಳದ ಬಳಿ ಹೆಂಗಸರು, "ಖಂಡಪ್ಪನ ತಂಗಿ ಮಗಳು ಏನ್ ಮಾಡ್ಯಾಳಂತವಾ? ಯಾರ ಜೋಡಿ ಅಂತ?" ಎಂದು ನಗುತ್ತಿದ್ದರು. ಆ ಚಿಕ್ಕ ಹುಡುಗಿಯನ್ನೂ ಅವಳ ತಾಯಿ ಈಗ ನಮ್ಮ ಮನೆಗೆ ಬಿಡುವುದಿಲ್ಲ.

ಅಮಾನತು ರದ್ದಾಗಿದೆ, ಆದರೆ ಮರೆಮ್ಮ ಶಾಲೆಗೆ ಹೋಗಲೊಲ್ಲಳು. ಹೆಡ್ ಮಾಸ್ತರರಲ್ಲಿಗೆ ಹೋಗಿ ಅರ್ಜಿಯನ್ನು ಮರಳಿ ಕೇಳಿದೆ. "ಯಾಕ್ರಿ, ನಾವೇನು ಬರದೀವೇನು? ನೀವೇ ಬರದು ಕೊಟ್ಟೀರಲ್ಲ" ಎಂದರು. ಬರಿಗೈಯಲ್ಲಿ ಮರಳಿ ಬಂದೆ.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೆಸರು ಕಳಿಸುವ ದಿನ ಹತ್ತಿರ ಬಂದಿದೆ. ಈ ವರ್ಷ ಕೂಡ್ರದಿದ್ದರೆ ನಿನ್ನ ಯಜಮಾನರು ಅವಳನ್ನು ಮತ್ತೆ ಓದಿಸಲಾರರು. ನನ್ನ ಮಾತಂತೂ ಅವಳ ಕಿವಿಗೆ ಹೋಗುವುದಿಲ್ಲ. ನೀನಾದರೂ ಬಂದು ಹೇಳು.

ನಿನ್ನ ದಾರಿ ಕಾಯುವ ಅಣ್ಣ,
ಖಂಡಪ್ಪ

ಮತ್ತೊಂದು ಮಾತು: ಟಪಾಲಿಗೆ ಹಾಕಿ ಬಾ ಎಂದು ಈ ಪತ್ರವನ್ನು ಮರೆಮ್ಮಳ ಕೈಗೇ ಕೊಟ್ಟಿದ್ದೆ. ಹೊಸ್ತಿಲಲ್ಲಿ ನಿಂತು, "ಮಾಮಾ, ಇದ್ರಾಗ ನಾ ಏನೇನು ಒಪ್ಪಿಕೊಂಡೀನ್ರಿ?" ಎಂದು ಕೇಳಿದಳು. ನೀನೇ ಓದಿ ನೋಡು ಎಂದೆ. ಓದದೆ ನನ್ನ ಮುಂದಿಟ್ಟು ಒಳಗೆ ಹೋದಳು.