ಮೊದಲ ತುತ್ತಿನ ಜೊತೆ

ಅಪ್ಪಾ,

ತಮ್ಮ ಸಂಗ್ರಾಮ ಎಷ್ಟು ತಿಂದರೂ ಸೊರಗುತ್ತಿದ್ದ; ಮಲ ಜಿಡ್ಡುಜಿಡ್ಡಾಗಿ ಹೋಗುತ್ತಿತ್ತು. ನೀನು ಹೋಗುವ ಮುಂಚಿನ ವರ್ಷ ನಿನಗೂ ಹೀಗೇ ಆಗಿತ್ತು. ಚಿಕ್ಕೋಡಿಯಲ್ಲಿ ಮಲ ಪರೀಕ್ಷೆ ಮಾಡಿಸಿದಾಗ, ಅವನ ಮೇದೋಜೀರಕ ಗ್ರಂಥಿ ಸಾಕಷ್ಟು ಜೀರ್ಣರಸ ಕೊಡುತ್ತಿಲ್ಲವೆಂದು ಗೊತ್ತಾಯಿತು. ಕೊರತೆ ತುಂಬಲು ಕ್ಯಾಪ್ಸೂಲ್ ಕೊಟ್ಟರು. ನಮ್ಮ ರೂಢಿಯಂತೆ ಊಟ ಮುಗಿಸಿ ನುಂಗಿದ, ಗುಣ ಕಾಣಲಿಲ್ಲ.

“ಮೊದಲ ತುತ್ತಿನ ಜೋಡಿ ತಗೋರಿ, ಊಟದಾಗ ಬೆರೀಬೇಕದು. ತುಪ್ಪ ತಿನ್ನೂದ ಬಿಡಬ್ಯಾಡ್ರಿ,” ಎಂದರು ಡಾಕ್ಟರು.

ಈಗ ಅವನ ಮೈ ತುಂಬಿಕೊಳ್ಳುತ್ತಿದೆ. ಇವತ್ತು ಅವ್ವ ಹುಗ್ಗಿ ಮಾಡಿದ್ದಳು.

“ಅಕ್ಕಾ, ಇನ್ನೊಂದ ಚಮಚಾ ತುಪ್ಪ ಹಾಕ ಬೇ. ಡಾಕ್ಟರ ಮಾತ ಮೀರಬಾರ್ದು,” ಎಂದ ಸಂಗ್ರಾಮ.

ಅವ್ವ ನಗಲಿಲ್ಲ. “ಮತ್ತ ನಿಮ್ಮಪ್ಪಗ ತುಪ್ಪ ಯಾಕ ಬಿಡಿಸಿದ್ವಿ?” ಎಂದು ನನ್ನನ್ನು ಕೇಳಿದಳು.

ನಿನಗೆ ಆ ಪರೀಕ್ಷೆ ಮಾಡಿಸಿರಲೇ ಇಲ್ಲ. ಜಿಡ್ಡು ಕಂಡು, ತುಪ್ಪದಿಂದಲೇ ಎಂದುಕೊಂಡು ಬಿಡಿಸಿದ್ದೆವು. ಅವಳ ತಾಟಿಗೂ ತುಪ್ಪ ಹಾಕಲು ಹೋದೆ. ಕೈ ಅಡ್ಡ ಹಿಡಿದಳು.