ಅಪ್ಪನ ಬೆಣ್ಣೆ ಡಬ್ಬಿ

ತ್ಯೂಪ್
ನವೆಂಬರ್ ೧೪, ಗುರುವಾರ

ನನ್ನ ಪ್ರೀತಿಯ ಮಗಳೇ ಬುರುಲ್,

ಹೇಗಿದ್ದೀಯ? ಬಿಷ್ಕೆಕ್‌ನ ಹೊಗೆಗೆ ಕೆಮ್ಮು ಮತ್ತೆ ಬಂದಿದ್ದರೆ ಬಿಸಿ ಹಾಲಿಗೆ ಕುರಿಬಾಲದ ಕೊಬ್ಬು ಹಾಕಿ ಕುಡಿ. ಆಸ್ಪತ್ರೆಯ ನರ್ಸಿಗೇ ಔಷಧಿ ಹೇಳುತ್ತಾಳೆ ಎಂದು ಮೂಗು ಮುರಿಯಬೇಡ. ನನ್ನ ಮಂಡಿ ನೋವು ಹಾಗೇ ಇದೆ. ಕಂದು ಹಸು ಗಬ್ಬವಾಗಿದೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ಬಾಯಿ ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಚಳಿಗಾಲ ನಿನ್ನ ಅಪ್ಪ ಕ್ಯಾನ್ಸರಿನ ನೋವಿಗೆ ಗೋಡೆ ಪರಚುತ್ತಿದ್ದಾಗ, ಬೇಲಿ ಬದಿಯ ಭಂಗಿ ಸೊಪ್ಪಿನ ಸತ್ವವನ್ನು ಬೆಣ್ಣೆಗೆ ಇಳಿಸಿ ಅವರಿಗೆ ಕೊಡುತ್ತಿದ್ದೆನಲ್ಲ? ನೀನು ಕಂಡು ಕೂಗಾಡಿದೆ. “ಪೊಲೀಸರಿಗೆ ಗೊತ್ತಾದ್ರೆ ನನ್ನ ಕೆಲಸಾನೂ ಹೋಗುತ್ತೆ” ಎಂದೆ ನೀನು. ನಾನು ರೊಟ್ಟಿ ಕೈಯಲ್ಲಿ ಹಿಡಿದು, “ಇನ್ನು ಇದನ್ನ ಮುಟ್ಟಿದ್ರೆ ಈ ರೊಟ್ಟೀನೇ ನನ್ನ ಹೊಡೀಲಿ” ಎಂದು ಆಣೆ ಇಟ್ಟೆ. ಮತ್ತೆ ಮಾಡಲಿಲ್ಲ, ಅದು ನಿಜ. ಆದರೆ ಉಳಿದದ್ದನ್ನು ಎಸೆಯಲೂ ಇಲ್ಲ.

ಹೋದ ಶುಕ್ರವಾರ ಬೆಳಿಗ್ಗೆ ಅಪ್ಪನ ಹೆಸರಿನಲ್ಲಿ ಹಿಟ್ಟು ನಾದಿ, ತುಂಡು ಮಾಡಿ, ಬೊರ್ಸೋಕ್ ಕರಿಯಲು ಕುಳಿತೆ. ಕರಿದ ವಾಸನೆ ತಾನೇ ಸತ್ತವರಿಗೆ ಮುಟ್ಟುವುದು? ಯಾವುದರಿಂದ ಅವರ ನರಳಾಟ ನಿಂತಿತೋ ಅದರ ವಾಸನೆಯೇ ಮುಟ್ಟಲಿ ಎಂದು ಎಣ್ಣೆಗೆ ಆ ಬೆಣ್ಣೆ ಬೆರೆಸಿ ಏಳು ಕರಿದೆ. ಆಮೇಲೆ ನಾನೇ ತಿಂದು ಮಲಗಿದರಾಯಿತು ಎಂದುಕೊಂಡಿದ್ದೆ. ಅಷ್ಟರಲ್ಲಿ ಬೀದಿಯಲ್ಲಿ ಹೋಗುತ್ತಿದ್ದ ನಮ್ಮ ಮಸೀದಿಯಲ್ಲಿ ನಮಾಜು ಮಾಡಿಸುವ ಎಸೆನ್ ಮೊಲ್ದೊ ಘಮಕ್ಕೆ ನಿಂತರು. “ಏನಕ್ಕಾ, ಭಾವನಿಗೆ ಕರೀತಿದ್ದೀಯಾ? ಒಂದು ದುವಾ ಓದಿ ಹೋಗ್ತೀನಿ ತಾಳು.” ಸತ್ತವರ ಬೊರ್ಸೋಕನ್ನು ಬಾಗಿಲಿಗೆ ಬಂದವರಿಗೆ ಕೊಡದೆ ಇರುವುದುಂಟೇ? ಬೇಡ ಎನ್ನಲು ಬಾಯಿ ತೆರೆದೆ, ನಾಚಿಕೆಯಾಗಿ ಮುಚ್ಚಿದೆ. “ಕೈರುಚಿ ಹೋಗಿಲ್ಲ ನಿಂದು” ಎನ್ನುತ್ತಾ ನಾಲ್ಕು ತಿಂದು ಮಸೀದಿಗೆ ನಡೆದರು.

ಅಲ್ಲಿ ಪ್ರವಚನದ ನಡುವೆ ಕಿಸಕ್ಕನೆ ನಕ್ಕರಂತೆ. ಓದುತ್ತಿದ್ದುದು ಮರೆತು, ಗೋಡೆ ಹಿಡಿದು ಕುಳಿತು ಮಗುವಿನ ಹಾಗೆ ಅತ್ತರಂತೆ. ಪಕ್ಕದ ಮನೆಯ ಕಾನಿಮ್‌ಗೂಲ್ ಓಡಿ ಬಂದು, “ಕೇಳ್ದೇನಕ್ಕಾ, ಮೊಲ್ದೊ ವೋಡ್ಕಾ ಏರಿಸ್ಕೊಂಡು ನಮಾಜಿಗೆ ನಿಂತಿದ್ದ! ಗಡ್ಡ ಮಾತ್ರ ಮೊಳದುದ್ದ!” ಎಂದಳು. ನಾನು “ಅಯ್ಯೋ, ಹೌದಾ?” ಎಂದೆ. ಆ ಎರಡು ಮಾತು ಗಂಟಲಲ್ಲಿ ಮುಳ್ಳಾಗಿ ಕೂತಿವೆ, ಬುರುಲ್. ಆ ಮನುಷ್ಯ ಜನ್ಮದಲ್ಲಿ ಹೆಂಡ ಮುಟ್ಟಿದವರಲ್ಲ. ತನಗೆ ಏನಾಯಿತೆಂದೇ ತಿಳಿಯದೆ ಒಂದು ವಾರದಿಂದ ಮನೆಯಿಂದ ಹೊರಗೆ ಬಂದಿಲ್ಲ. ನಾಳೆ ನಮಾಜಾದ ಮೇಲೆ ಹಿರಿಯರು ಸೇರಿ ಅವರನ್ನು ಮಸೀದಿಯ ಕೆಲಸದಿಂದ ತೆಗೆದುಹಾಕುತ್ತಾರಂತೆ. ರೊಟ್ಟಿ ಹೊಡೆದೇ ಹೊಡೆಯಿತು, ಆದರೆ ನನ್ನನ್ನಲ್ಲ, ನಾನು ಉಣಿಸಿದವರನ್ನು. ಕನ್ನಡಿ ನೋಡಲೂ ನಾಚಿಕೆಯಾಗುತ್ತಿದೆ. ಉಳಿದ ಬೆಣ್ಣೆಯನ್ನು ಕಾಲುವೆಗೆ ಸುರಿದೆ, ಅದರ ಚಿಂತೆ ಬಿಡು.

ನಿನ್ನ ದಾರಿ ಬೆಳ್ಳಗಿರಲಿ, ತಟ್ಟೆಯಲ್ಲಿ ರೊಟ್ಟಿ ತಪ್ಪದಿರಲಿ. ಮಕ್ಕಳ ಹಣೆಗೆ ನನ್ನ ಮುತ್ತು.

ತಲೆ ತಗ್ಗಿಸಿದ ನಿನ್ನ ತಾಯಿ,
ಸೋನುನ್

ತಾ.ಕ.: ಕಾಲುವೆಗೆ ಸುರಿದೆ ಎಂದದ್ದು ಸುಳ್ಳು. ಡಬ್ಬಿ ಬಾರ್ಲಿ ಪೆಟ್ಟಿಗೆಯೊಳಗಿದೆ. ಅಪ್ಪ ಕೊನೆಯ ಸಲ ಬೆರಳಿನಿಂದ ತೆಗೆದ ಗುರುತು ಬೆಣ್ಣೆಯ ಮೇಲೆ ಹಾಗೇ ಇದೆ. ಅದನ್ನು ಬಿಟ್ಟು ಅಂಚಿನಿಂದ ಕೆರೆದು ಕರಿದಿದ್ದೆ. ಬರಿಗೈಯಲ್ಲಿ ಹೋಗಿ ತಪ್ಪು ನನ್ನದೆಂದರೆ, ಮುದುಕಿ ಮೊಲ್ದೊನ ಮೇಲಿನ ಕನಿಕರಕ್ಕೆ ಸುಳ್ಳು ಹೇಳುತ್ತಾಳೆ ಎನ್ನುತ್ತಾರೆ. ನಾಳೆ ಡಬ್ಬಿಯನ್ನೇ ಹಿರಿಯರ ಮುಂದೆ ಇಡುತ್ತೇನೆ. ಈ ಪತ್ರ ಮುಟ್ಟುವ ಮೊದಲೇ ಸುದ್ದಿ ಮುಟ್ಟಿ ನಿನ್ನ ಕೆಲಸಕ್ಕೆ ಕುತ್ತು ಬಂದರೆ, ನನ್ನನ್ನೇ ಬೈ. ಆ ಗುರುತನ್ನು ಈಗ ಇನ್ನೊಂದು ಸಲ ನೋಡಿ ಮುಚ್ಚಳ ಹಾಕಿದೆ.