ಯಾವ ಬ್ರಾಂಚಿಗೆ, ಅಪ್ಪಾ?

ಕ್ಯಾಂಪ್, ಬೆಳಗಾವಿ
೬ ಜುಲೈ ೨೦೨೫, ರವಿವಾರ

ಪ್ರೀತಿಯ ಅಪ್ಪಾ, ಶರಣು.

ಮೊಣಕಾಲು ನೋವು ಹೇಗಿದೆ? ಲೋಂಡಾ ಮಳೆಯಲ್ಲಿ ಹಳಿ ಗಸ್ತು ಮುಗಿಸಿ ಬಂದು ಒದ್ದೆ ಬಟ್ಟೆಯಲ್ಲೇ ಕೂರುತ್ತೀರಂತೆ. ಅವ್ವ ಖಾನಾಪುರದಿಂದ ಫೋನ್ ಮಾಡಿ ಚಾಡಿ ಹೇಳಿದಳು. ಫೋನಿನಲ್ಲಿ ನಾನು ಏನು ಹೇಳಿದರೂ ನೀವು ‘ಹೂಂ’ ಎಂದು ಇಟ್ಟುಬಿಡುತ್ತೀರಿ, ಅದಕ್ಕೇ ಈ ಪತ್ರ.

ನನಗೆ ಕುಂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ರೈಲು ಬರುವಾಗ ನಿಮ್ಮ ಗ್ಯಾಂಗಿನವರ ಕೊರಳಲ್ಲಿ ಕೂಗುವ ಪೆಟ್ಟಿಗೆ ನಮ್ಮ ಕಂಪನಿಯದು ತಾನೇ? ‘ತಿರುವಿನ್ಯಾಗ ನಿನ್ನ ಪೆಟಗಿ ಮೂಕ ಆಗತೈತಿ, ಯವ್ವಾ’ ಎಂದು ನೀವು ರೇಗಿಸಿದ ಮೇಲೆಯೇ ಹೊಸ ರೇಡಿಯೊ ಚಿಪ್ ತರಿಸಿದೆವು. ಪೆಟ್ಟಿಗೆಗೂ ಚಿಪ್‌ಗೂ ಮಾತು ಕೂಡಿಸುವ ಡ್ರೈವರ್ ಎಂಬ ಪ್ರೋಗ್ರಾಂ ನಾನೇ ಬರೆದೆ. ನಮ್ಮಲ್ಲಿ ಪ್ರೋಗ್ರಾಮಿಗೆ ಎರಡು ಕವಲು, ಬ್ರಾಂಚ್ ಅನ್ನುತ್ತೇವೆ. ಸ್ಥಿರ ಬ್ರಾಂಚಿಗೆ ಸೇರಿಸಿದರೆ ಹೊಸ ಪೆಟ್ಟಿಗೆ ಇದೇ ವಾರ ನಿಮ್ಮ ಕೊರಳಿಗೆ. ಡೆವಲಪ್‌ಮೆಂಟ್ ಬ್ರಾಂಚಿಗಾದರೆ ಇನ್ನೂ ಪರೀಕ್ಷೆ, ತಿದ್ದುಪಡಿ. ದೀಪಾವಳಿ ಬರುತ್ತದೆ, ಮಳೆಗಾಲವೇ ಮುಗಿದಿರುತ್ತದೆ. ಜೊತೆಯಲ್ಲಿ ಕೆಲಸ ಮಾಡುವ ಪರಾಗ ಸ್ಥಿರಕ್ಕೇ ಹಾಕೋಣವೆಂದು ಹಟ ಹಿಡಿದ. ನನ್ನ ಆಸೆಯೂ ಅದೇ ಆಗಿತ್ತು. ಆದರೆ ಆ ಚಿಪ್ ಒಮ್ಮೊಮ್ಮೆ ಸುಮ್ಮನಾದರೆ ಮತ್ತೆ ಏಳುವುದಿಲ್ಲ. ಹಸಿರು ದೀಪ ಮಾತ್ರ ಏನೂ ಆಗಿಲ್ಲವೆಂಬಂತೆ ಉರಿಯುತ್ತಿರುತ್ತದೆ. ಕಾರಣ ಇನ್ನೂ ಸಿಕ್ಕಿಲ್ಲ.

ನಮ್ಮ ಮುಖ್ಯಸ್ಥರು ನಾಗಲಿಂಗ ಸರ್. ಸ್ಥಿರ ಬ್ರಾಂಚಿಗೆ ಏನೇ ಸೇರಿಸುವ ಮೊದಲು ಬರೆದವರನ್ನು ಎಲ್ಲರೆದುರು ನಿಲ್ಲಿಸಿ ಕೇಳುವುದು ಅವರ ಪದ್ಧತಿ: ‘ಇದನ್ನ ನಿಮ್ಮ ಮನಿ ಮಂದಿ ಕೊರಳಾಗ ಹಾಕ್ತೀರೇನ್ರಿ?’ ಎಲ್ಲರೂ ನಕ್ಕು ಹೂಂ ಅನ್ನುತ್ತಾರೆ. ನನ್ನಪ್ಪ ಟ್ರ್ಯಾಕ್‌ಮನ್ ಎಂದು ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. ಶುಕ್ರವಾರ ನನ್ನ ಸರದಿ ಬಂತು. ‘ಇಲ್ರಿ ಸರ್’ ಎಂದೆ. ಡ್ರೈವರ್ ಡೆವಲಪ್‌ಮೆಂಟ್ ಬ್ರಾಂಚಿಗೆ ಹೋಯಿತು, ಪರಾಗ ಮುಖ ಊದಿಸಿಕೊಂಡ. ಸರಿಯಾಗಿಯೇ ಮಾಡಿದೆ ಅನ್ನಿಸುತ್ತದೆ. ಮರುಗಳಿಗೆಯೇ ಹೊರಗೆ ಮಳೆ ಜೋರಾದರೆ ಎದ್ದು ಕಿಟಕಿಯ ಬಳಿ ಹೋಗಿ ನಿಲ್ಲುತ್ತೇನೆ. ಈ ಮಳೆಗಾಲ ಪೂರ್ತಿ ನಿಮಗೆ ಹಳೇ ಪೆಟ್ಟಿಗೆಯೇ ಗತಿ ಮಾಡಿದವಳು ನಾನೇ ತಾನೇ? ಬಯ್ಯಬೇಕೆನಿಸಿದರೆ ಬಯ್ದುಬಿಡಿ.

ಗ್ಯಾಂಗಿನವರಿಗೆಲ್ಲ ಶರಣು ಹೇಳಿ. ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳಿ, ನಾಚಿಕೆ ಬೇಡ.

ನಿಮ್ಮ ಮಗಳು,
ಸಮೃದ್ಧಿ

ತಾ.ಕ.: ಆ ತಿರುವಿನಲ್ಲಿ ಪೆಟ್ಟಿಗೆಯನ್ನು ನಂಬಬೇಡಿ. ಪೆಟ್ಟಿಗೆ ಬಂತೆಂದು ರೈಲು ನೋಡುವ ಕಾವಲು ಬಿಡಿಸಿ ಹಳಿ ಕೆಲಸಕ್ಕೆ ಹಚ್ಚಿದ್ದೀರಲ್ಲ, ಆ ಈರಣ್ಣ ಮಾಮಾನ ಕೈಗೆ ಕೆಂಪು ಬಾವುಟ, ಸೀಟಿ ಕೊಟ್ಟು ಈ ಪತ್ರ ತಲುಪಿದ ದಿನದಿಂದಲೇ ಮತ್ತೆ ಅಲ್ಲಿ ನಿಲ್ಲಿಸಿ. ಕೆಲಸ ತಡವಾದರೆ ಆಗಲಿ. ಪೆಟ್ಟಿಗೆ ಮಾಡಿದವಳೇ ಹೇಳುತ್ತಿದ್ದೇನೆ, ಅಪ್ಪಾ.